ಕೈಗಾದ ಸುಟ್ಟ ಬಿಲ್ಲೆ

ಭಂಡಿಗಡಿಯ ಮಳೆ ಗೊತ್ತಲ್ಲ ಅಕ್ಕಾ? ಹಸಿ ಇಟ್ಟಿಗೆ ಕರಗುತ್ತದೆ. ಸುಟ್ಟ ಹಂಚು ತಡೆಯುತ್ತದೆ.

ಕಾರವಾರ ತಾಲ್ಲೂಕಿನ ಕೈಗಾದಲ್ಲೂ ಇದೇ ಉಪಾಯ. ಅಲ್ಲಿ 2000ದಿಂದ ಅಣುಶಕ್ತಿಯಲ್ಲಿ ಕರೆಂಟು ಮಾಡುತ್ತಾರೆ. ಸೌದೆಯ ಬದಲು ಯುರೇನಿಯಂ. ಈ ಲೋಹವನ್ನು ಹಾಗೇ ಇಟ್ಟರೆ ಊದಿಕೊಳ್ಳುತ್ತದೆ. ಅದಕ್ಕೇ ಅದರ ಆಕ್ಸೈಡ್ ಪುಡಿಯನ್ನು ಒತ್ತಿ, ಸುಮಾರು 1,700 ಡಿಗ್ರಿ ಶಾಖದಲ್ಲಿ ಸುಟ್ಟು ಸಣ್ಣ ಬಿಲ್ಲೆ ಮಾಡುತ್ತಾರೆ.

ಪರಮಾಣು ಅಂದರೆ ಕಣ್ಣಿಗೆ ಕಾಣದ ಕಣ. ಅದು ಒಡೆದಾಗ ಚೂರುಗಳು ಗುಂಡಿನಂತೆ ಹಾರುತ್ತವೆ. ಸಾಲಾಗಿದ್ದ ಪಕ್ಕದ ಕಣಗಳು ಚೆಲ್ಲಾಪಿಲ್ಲಿ! ಆದರೆ ನೋಡಿ, ಹೆಚ್ಚಿನವು ಕ್ಷಣದಲ್ಲೇ ಮತ್ತೆ ಸಾಲಿಗೆ ಬರುತ್ತವೆ.

ಬಿಲ್ಲೆ ಬಿರುಕು ಬಿಡೋದಿಲ್ವಾ? ಬಿಡುತ್ತೆ. ಸ್ವಲ್ಪ ಊದುತ್ತೆ ಕೂಡ. ಆದರೂ ವಿಕಿರಣದ ವಿಷ ಹೆಚ್ಚಿನ ಪಾಲು ಬಿಲ್ಲೆಯೊಳಗೇ ಉಳಿಯುತ್ತದೆ. ಹೊರಬಂದದ್ದನ್ನು ಬಿಲ್ಲೆ ತುಂಬಿದ ಲೋಹದ ಕೊಳವೆ ತಡೆಯುತ್ತದೆ.

ಬಳಸಿದ ಬಿಲ್ಲೆಯನ್ನು ಮುಟ್ಟುವ ಹಾಗಿಲ್ಲ. ವರ್ಷಗಟ್ಟಲೆ ನೀರಿನ ಕೊಳದಲ್ಲಿ ಮುಳುಗಿಸಿ ಇಡಬೇಕು.