ಅಂತರಜಾಲದ ಬಾನುಲಿಯೂ ಹಾಡಿನ ಹಣವೂ

ಊರ ನಡುವೆ ನಿಂತು ಡಂಗುರ ಸಾರುವವನಿಗೆ ಕೇಳುವವರು ಹತ್ತು ಮಂದಿಯಾದರೂ ಒಂದೇ, ಸಾವಿರ ಮಂದಿಯಾದರೂ ಒಂದೇ. ಅವನ ಶ್ರಮ ಹೆಚ್ಚುವುದಿಲ್ಲ. ಅದೇ ಸುದ್ದಿಯನ್ನು ಕಾಗದದಲ್ಲಿ ಬರೆದು ಅಂಚೆಯವನ ಕೈಯಲ್ಲಿ ಮನೆಮನೆಗೂ ಕಳುಹಿಸಬೇಕಾದರೆ, ಮನೆಗಳೆಷ್ಟೋ ಕಾಗದಗಳೂ ಅಷ್ಟು, ಅಂಚೆಯ ವೆಚ್ಚವೂ ಅಷ್ಟು. ಸಾಮಾನ್ಯ ಬಾನುಲಿಗೂ ಅಂತರಜಾಲದ ಬಾನುಲಿಗೂ ಇರುವ ಭೇದವು ಇಂತಹುದೇ. ಮೇಲುನೋಟಕ್ಕೆ ಇದು ಯಂತ್ರಜ್ಞರಿಗೆ ಮಾತ್ರ ಸಂಬಂಧಿಸಿದ ವಿಷಯವೆಂದು ತೋರೀತು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಈ ಭೇದವು ಕಾನೂನಿನೊಳಕ್ಕೂ ಪ್ರವೇಶಿಸಿ, ಅನೇಕ ಸಣ್ಣ ಪ್ರಸಾರ ನಿಲಯಗಳ ಅಳಿವು ಉಳಿವನ್ನು ನಿರ್ಣಯಿಸುತ್ತ ಬಂದಿದೆ. ಹೇಗೆಂಬುದನ್ನು ನೋಡೋಣ.

ಅಲೆ ಮತ್ತು ಹೊನಲು

ಬಾನುಲಿ ನಿಲಯದ ಪ್ರೇಷಕವು ಧ್ವನಿಯನ್ನು ವಿದ್ಯುತ್ಕಾಂತೀಯ ಅಲೆಗಳ ಮೇಲೇರಿಸಿ ಸುತ್ತಲೂ ಹರಡುತ್ತದೆ. ಆ ಅಲೆಯು ವ್ಯಾಪಿಸಿರುವ ಪ್ರದೇಶದಲ್ಲಿ ಯಾರು ತಮ್ಮ ರೇಡಿಯೋವನ್ನು ತಿರುಗಿಸಿಕೊಂಡರೂ ಹಾಡು ಕೇಳಿಸುತ್ತದೆ. ಹೊಸದಾಗಿ ಒಂದು ಮನೆಯಲ್ಲಿ ರೇಡಿಯೋ ಹಾಡತೊಡಗಿದರೆ ಅದರ ಸುಳಿವು ಕೂಡ ನಿಲಯಕ್ಕೆ ತಲಪುವುದಿಲ್ಲ. ಕೇಳುತ್ತಿರುವವರೆಷ್ಟು ಎಂಬುದನ್ನು ಸಮೀಕ್ಷೆಯಿಂದ ಅಂದಾಜು ಮಾಡಬಹುದೇ ಹೊರತು ಎಣಿಸಲಾಗದು.

ಅಂತರಜಾಲದಲ್ಲಿ ಹೀಗಲ್ಲ. ಇಲ್ಲಿ ಧ್ವನಿಯನ್ನು ಮೊದಲು ಅಂಕಿಗಳಾಗಿ ಮಾರ್ಪಡಿಸಿ, ಎಂಪಿ3ಯಂತಹ ವಿಧಾನಗಳಿಂದ ಸಂಕೋಚಿಸಿ, ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ, ಸರ್ವರ್ ಎಂಬ ಗಣಕದಿಂದ ಕಳುಹಿಸುತ್ತಾರೆ. ಪ್ರತಿಯೊಬ್ಬ ಶ್ರೋತೃವಿನ ಗಣಕ ಅಥವಾ ಫೋನು ಆ ಸರ್ವರಿಗೆ ಕರೆಕೊಟ್ಟು ತನಗೆಂದೇ ಒಂದು ಹೊನಲನ್ನು ಪಡೆಯುತ್ತದೆ. ಸೆಕೆಂಡಿಗೆ 128 ಕಿಲೋಬಿಟ್ ವೇಗದ ಹೊನಲಾದರೆ ಒಬ್ಬ ಶ್ರೋತೃವಿನ ಕಡೆಗೆ ಗಂಟೆಗೆ ಸುಮಾರು 58 ಮೆಗಾಬೈಟ್ ಹರಿಯುತ್ತದೆ. ಸಾವಿರ ಮಂದಿಗಾದರೆ ಅದರ ಸಾವಿರ ಪಟ್ಟು. ಒಂದೇ ಹೊನಲನ್ನು ದಾರಿಯಲ್ಲಿ ಕವಲೊಡೆಸಿ ಅನೇಕರಿಗೆ ಹಂಚುವ ಉಪಾಯವೂ ಉಂಟು. ಆದರೆ ಸಾರ್ವಜನಿಕ ಅಂತರಜಾಲದಲ್ಲಿ ಅದು ಬಳಕೆಗೆ ಬರಲಿಲ್ಲ.

ಇದರಿಂದ ಎರಡು ಫಲಗಳುಂಟಾದುವು. ಮೊದಲನೆಯದು, ಶ್ರೋತೃಗಳು ಹೆಚ್ಚಿದಂತೆ ಪ್ರಸಾರದ ವೆಚ್ಚವೂ ಹೆಚ್ಚುತ್ತದೆ. ಎರಡನೆಯದು, ಯಾವ ಹಾಡಿನ ಸಮಯದಲ್ಲಿ ಎಷ್ಟು ಮಂದಿ ಕೇಳುತ್ತಿದ್ದರೆಂಬುದು ಸರ್ವರಿನ ದಾಖಲೆಯಲ್ಲಿ ಉಳಿಯುತ್ತದೆ. ಹಾಡಿಗೆ ಹಣ ಕೇಳುವವರಿಗೆ ಈ ಎರಡನೆಯ ಫಲವೇ ಆಧಾರವಾಯಿತು.

ಸಣ್ಣವರ ಬಾನುಲಿ

1993ರಲ್ಲಿ ಕಾರ್ಲ್ ಮಲಮುಡ್ ಎಂಬವರು ಅಮೆರಿಕದಲ್ಲಿ ಅಂತರಜಾಲದ ಮೂಲಕ ಮಾತಿನ ಕಾರ್ಯಕ್ರಮಗಳನ್ನು ಹಂಚತೊಡಗಿದರು. 1994ರ ನವೆಂಬರಿನಲ್ಲಿ ಉತ್ತರ ಕೆರೊಲೈನದ ಚಾಪೆಲ್ ಹಿಲ್‌ನಲ್ಲಿರುವ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳ ಬಾನುಲಿಯಾದ ಡಬ್ಲ್ಯುಎಕ್ಸ್‌ವೈಸಿ ತನ್ನ ಪ್ರಸಾರವನ್ನು ಅಂತರಜಾಲಕ್ಕೂ ಹರಿಯಬಿಟ್ಟಿತು. ಮುಂದೆ ಕೆಲವೇ ವರ್ಷಗಳಲ್ಲಿ, ಅಲೆಯ ಪರವಾನಗಿಯಾಗಲಿ ಎತ್ತರದ ಗೋಪುರವಾಗಲಿ ಇಲ್ಲದೆ, ಒಂದು ಗಣಕ ಮತ್ತು ತಮ್ಮ ಹಾಡುಗಳ ಸಂಗ್ರಹದಿಂದಲೇ ನಿಲಯಗಳನ್ನು ನಡೆಸುವವರು ಹುಟ್ಟಿಕೊಂಡರು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಿಂದಲೇ 'ಆಕಾಶವಾಣಿ'ಯನ್ನು ನಡೆಸಿದುದನ್ನು ಬಲ್ಲ ಕನ್ನಡಿಗರಿಗೆ ಇಂತಹ ಸಾಹಸವು ಹೊಸದೆನಿಸದು.

ಸಾನ್ ಫ್ರಾನ್ಸಿಸ್ಕೋದ ಸೋಮಎಫ್‌ಎಂ, ಕ್ಯಾಲಿಫೋರ್ನಿಯದ ಪ್ಯಾರಡೈಸ್ ಎಂಬ ಸಣ್ಣ ಊರಿನ ರೇಡಿಯೋ ಪ್ಯಾರಡೈಸ್, ಇವೆರಡೂ 2000ದಲ್ಲಿ ಆರಂಭವಾದುವು. ಜಾಹೀರಾತಿಲ್ಲದೆ, ಶ್ರೋತೃಗಳ ಕೊಡುಗೆಯಿಂದ ಬದುಕಿದುವು. ದೊಡ್ಡ ನಿಲಯಗಳು ನುಡಿಸದ ಸಂಗೀತವೂ, ಹೆಸರು ಕೇಳಿರದ ಗಾಯಕರೂ ಇಂತಹ ಕಡೆಗಳಲ್ಲಿ ಕಿವಿಗೆ ಬೀಳುತ್ತಿದ್ದುದರಿಂದ ಇವುಗಳಿಗೆ ನಿಷ್ಠಾವಂತ ಶ್ರೋತೃಗಳು ದೊರೆತರು.

ಒಂದು ಹಾಡು, ಎರಡು ಸ್ವತ್ತು

ಒಂದು ಹಾಡಿನಲ್ಲಿ ಕಾನೂನು ಎರಡು ಸ್ವತ್ತುಗಳನ್ನು ಕಾಣುತ್ತದೆ. ಸಾಹಿತ್ಯವೂ ರಾಗಸಂಯೋಜನೆಯೂ ಸೇರಿದ ರಚನೆ ಒಂದು. ಗಾಯಕನೊಬ್ಬನು ಹಾಡಿ, ಕಂಪನಿಯು ಮುದ್ರಿಸಿದ ಧ್ವನಿ ಇನ್ನೊಂದು. ಅಮೆರಿಕದ ಸಾಮಾನ್ಯ ಬಾನುಲಿ ನಿಲಯಗಳು ರಚನೆಗೆ ರಾಯಲ್ಟಿ ಕೊಡುತ್ತವೆ, ಧ್ವನಿಮುದ್ರಣಕ್ಕೆ ಕೊಡುವುದಿಲ್ಲ. 1967ರಲ್ಲಿ ಅರೀಥ ಫ್ರಾಂಕ್ಲಿನ್ ಹಾಡಿ ಜಗತ್ಪ್ರಸಿದ್ಧಗೊಳಿಸಿದ 'ರೆಸ್ಪೆಕ್ಟ್' ಎಂಬ ಹಾಡನ್ನು ರಚಿಸಿದವರು ಓಟಿಸ್ ರೆಡಿಂಗ್. ಆ ಹಾಡನ್ನು ಅಲ್ಲಿನ ಬಾನುಲಿಯು ಎಷ್ಟು ಸಲ ನುಡಿಸಿದರೂ ಹಣವು ರಚನೆಯ ಕಡೆಗೆ ಹೋಗುತ್ತದೆಯೇ ಹೊರತು ಹಾಡಿದವರ ಕಡೆಗೆ ಹೋಗುವುದಿಲ್ಲ. ಬಾನುಲಿಯಲ್ಲಿ ಹಾಡು ಕೇಳಿಸಿದರೆ ಧ್ವನಿಮುದ್ರಿಕೆಗಳು ಹೆಚ್ಚು ಮಾರಾಟವಾಗುವುವು, ಅದೇ ಗಾಯಕರಿಗೆ ಪ್ರತಿಫಲ ಎಂಬುದು ನಿಲಯಗಳ ವಾದ.

ಅಂಕಿಗಳಾಗಿ ಹರಿಯುವ ಧ್ವನಿಯನ್ನು ಸುಲಭವಾಗಿ ನಕಲು ಮಾಡಬಹುದೆಂಬ ಭಯ ಹುಟ್ಟಿದಾಗ ಈ ಸ್ಥಿತಿ ಬದಲಾಯಿತು. 1995 ಮತ್ತು 1998ರ ಕಾಯಿದೆಗಳು ಅಂತರಜಾಲದಲ್ಲಿ ಪ್ರಸಾರ ಮಾಡುವವರು ಧ್ವನಿಮುದ್ರಣಕ್ಕೂ ಹಣ ಕೊಡಬೇಕೆಂದು ವಿಧಿಸಿದುವು. ಇದಕ್ಕೆ ಪ್ರತಿಯಾಗಿ ಒಂದು ಅನುಕೂಲವನ್ನೂ ಕಲ್ಪಿಸಿದುವು: ಒಬ್ಬೊಬ್ಬ ಒಡೆಯನನ್ನೂ ಹುಡುಕಿ ಒಪ್ಪಿಗೆ ಪಡೆಯಬೇಕಾಗಿಲ್ಲ; ಸರಕಾರ ಗೊತ್ತುಮಾಡಿದ ದರವನ್ನು ತೆತ್ತರೆ ಯಾವ ಹಾಡನ್ನಾದರೂ ನುಡಿಸಬಹುದು. ಆದರೆ ಅದು ಬಾನುಲಿಯಂತೆಯೇ ಇರಬೇಕು. ಕೇಳುಗನು ಬಯಸಿದ ಹಾಡನ್ನು ಬಯಸಿದಾಗ ಒದಗಿಸುವ ಅಂಗಡಿಯಾಗಬಾರದು. ಮೂರು ಗಂಟೆಗಳ ಅವಧಿಯಲ್ಲಿ ಒಂದೇ ಆಲ್ಬಮ್ಮಿನ ಮೂರಕ್ಕಿಂತ ಹೆಚ್ಚು ಹಾಡುಗಳನ್ನು ನುಡಿಸಕೂಡದೆಂಬ ನಿಯಮವು ಹುಟ್ಟಿದುದು ಈ ಕಾರಣದಿಂದಲೇ.

ಹೀಗೆ ಬಂದ ಹಣವನ್ನು ಸೌಂಡ್‌ಎಕ್ಸ್‌ಚೇಂಜ್ ಎಂಬ ಲಾಭರಹಿತ ಸಂಸ್ಥೆಯು ಸಂಗ್ರಹಿಸಿ ಹಂಚುತ್ತದೆ. ನೂರರಲ್ಲಿ 50 ಪಾಲು ಮುದ್ರಣದ ಒಡೆಯನಿಗೆ, 45 ಪಾಲು ಮುಖ್ಯ ಗಾಯಕನಿಗೆ ಅಥವಾ ಮೇಳಕ್ಕೆ, ಉಳಿದ 5 ಪಾಲು ಸಹಗಾಯಕರಿಗೂ ಪಕ್ಕವಾದ್ಯದವರಿಗೂ ಸೇರುತ್ತದೆ. ಹಳೆಯ ಬಾನುಲಿಯಿಂದ ಬಿಡಿಕಾಸನ್ನೂ ಕಾಣದಿದ್ದ ಹಾಡುಗಾರರಿಗೆ ಇದು ಸಣ್ಣ ಲಾಭವಲ್ಲ. ಅವರ ಬೇಡಿಕೆ ನ್ಯಾಯವಾದುದೆಂಬುದನ್ನು ಮರೆತು ಈ ವಿವಾದವನ್ನು ವಿಚಾರಿಸಲಾಗದು.

ಲೆಕ್ಕದ ಉರುಳು

ಹಾಗಾದರೆ ದರವೆಷ್ಟು? 2002ರ ಜೂನ್ ತಿಂಗಳಲ್ಲಿ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ಮುಖ್ಯಾಧಿಕಾರಿಯು ಒಂದು ಹಾಡನ್ನು ಒಬ್ಬ ಶ್ರೋತೃವಿಗೆ ಒಮ್ಮೆ ಕೇಳಿಸಿದರೆ 0.07 ಸೆಂಟ್ ಎಂದು ಗೊತ್ತುಮಾಡಿದರು. ಒಂದು ಡಾಲರಿಗೆ ನೂರು ಸೆಂಟುಗಳು. ಆ ಸೆಂಟಿನಲ್ಲಿ ಏಳು ನೂರನೆಯ ಭಾಗವೆಂದರೆ ಲೆಕ್ಕಕ್ಕೇ ಬಾರದ ಮೊತ್ತವೆಂದು ವಾಚಕರು ಭಾವಿಸಬಹುದು. ಗುಣಿಸಿ ನೋಡೋಣ.

ಒಂದು ನಿಲಯಕ್ಕೆ ಹಗಲಿರುಳೂ ಸರಾಸರಿ 500 ಶ್ರೋತೃಗಳಿದ್ದಾರೆನ್ನೋಣ. ಗಂಟೆಗೆ 15 ಹಾಡುಗಳಂತೆ ವರ್ಷಕ್ಕೆ 1,31,400 ಹಾಡುಗಳಾಗುತ್ತವೆ. ಇದನ್ನು 500ರಿಂದ ಗುಣಿಸಿದರೆ ಆರು ಕೋಟಿ ಐವತ್ತೇಳು ಲಕ್ಷ. 0.07 ಸೆಂಟಿನಂತೆ ಇದಕ್ಕೆ 45,990 ಡಾಲರ್ ಆಗುತ್ತದೆ. ಐನೂರು ಮಂದಿಯೆಂದರೆ ಒಂದು ಪ್ರೌಢಶಾಲೆಯ ವಿದ್ಯಾರ್ಥಿಗಳಷ್ಟು. ಅಷ್ಟು ಜನರ ಕೊಡುಗೆಯಿಂದ ಇಷ್ಟು ಹಣವನ್ನು ಎತ್ತುವುದು ಸುಲಭವಲ್ಲ. ಸಾಲದುದಕ್ಕೆ ಈ ದರವು 1998ರ ಅಕ್ಟೋಬರಿನಿಂದ ಪೂರ್ವಾನ್ವಯವಾಗುವಂತಿತ್ತು. ಸೋಮಎಫ್‌ಎಂ ಆ ಜೂನ್ ತಿಂಗಳಲ್ಲೇ ಪ್ರಸಾರವನ್ನು ನಿಲ್ಲಿಸಿತು. ವರ್ಷದ ಕೊನೆಯಲ್ಲಿ ಕಾಂಗ್ರೆಸ್ ಸಣ್ಣ ಪ್ರಸಾರಕರಿಗಾಗಿ ಬೇರೊಂದು ಕಾಯಿದೆಯನ್ನು ಮಾಡಿ, ತಲೆಯೆಣಿಕೆಯ ಬದಲು ಆದಾಯದ ಒಂದು ಪಾಲನ್ನು, ನೂರಕ್ಕೆ 10ರಿಂದ 12ರಷ್ಟನ್ನು, ಕೊಡುವ ಒಪ್ಪಂದಕ್ಕೆ ದಾರಿ ತೆರೆಯಿತು. ಅನಂತರ ನಿಲಯವು ಮತ್ತೆ ಹಾಡತೊಡಗಿತು.

ಆದರೆ ಆ ಶಾಂತಿ ಬಹುಕಾಲ ಉಳಿಯಲಿಲ್ಲ. ದರಗಳನ್ನು ಗೊತ್ತುಮಾಡಲು ನೇಮಕಗೊಂಡ ಮೂವರು ನ್ಯಾಯಾಧೀಶರ ಮಂಡಲಿಯು 2007ರ ಮಾರ್ಚ್ 2ರಂದು ಹೊಸ ತೀರ್ಪನ್ನಿತ್ತಿತು. 2006ಕ್ಕೆ 0.08 ಸೆಂಟ್, ವರ್ಷವರ್ಷವೂ ಏರಿ 2010ಕ್ಕೆ 0.19 ಸೆಂಟ್. ನಮ್ಮ ಐನೂರು ಶ್ರೋತೃಗಳ ನಿಲಯವು 2010ರಲ್ಲಿ ತೆರಬೇಕಾದುದು 1,24,830 ಡಾಲರ್ ಆಯಿತು! ಅದೇ ಕಾಲದಲ್ಲಿ ಉಪಗ್ರಹದ ಮೂಲಕ ಪ್ರಸಾರ ಮಾಡುವ ಕಂಪನಿಗೆ ಇದೇ ಮಂಡಲಿಯು ವಿಧಿಸಿದುದು ಆದಾಯದಲ್ಲಿ ನೂರಕ್ಕೆ 6ರಿಂದ 8. ನೆಲದ ಮೇಲಿನ ಹಳೆಯ ಬಾನುಲಿಗೆ ಸೊನ್ನೆ. ಒಂದೇ ಹಾಡು, ಒಂದೇ ಕಿವಿ. ಹಾಡು ಬಂದ ದಾರಿಯನ್ನನುಸರಿಸಿ ಮೂರು ಬಗೆಯ ಸುಂಕ.

2007ರ ಜೂನ್ 26ರಂದು ಅನೇಕ ನಿಲಯಗಳು ಒಂದು ದಿನದ ಮೌನವನ್ನಾಚರಿಸಿದುವು. ಕೇಳಲೆಂದು ಬಂದವರಿಗೆ ಹಾಡಿನ ಬದಲು ನಿಶ್ಶಬ್ದವೂ, ಮಧ್ಯೆ ಮಧ್ಯೆ ವಿಷಯವನ್ನು ತಿಳಿಸುವ ನಾಲ್ಕು ಮಾತುಗಳೂ ದೊರೆತುವು. ಜನಪ್ರತಿನಿಧಿಗಳ ಮೇಲೆ ಒತ್ತಡ ಬಿದ್ದಿತು. 2008 ಮತ್ತು 2009ರ ಕಾಯಿದೆಗಳ ಆಶ್ರಯದಲ್ಲಿ ಪುನಃ ಸಂಧಾನ ನಡೆದು, ವರ್ಷಕ್ಕೆ 12.5 ಲಕ್ಷ ಡಾಲರಿಗೆ ಮೀರದ ಆದಾಯವುಳ್ಳ ನಿಲಯಗಳು ಆದಾಯದ ನೂರಕ್ಕೆ 12ರಿಂದ 14ರಷ್ಟನ್ನು ಕೊಡಬಹುದೆಂದಾಯಿತು. ಪಂಡೋರದಂತಹ ದೊಡ್ಡ ಕಂಪನಿಗಳಿಗೆ ಮಾತ್ರ ಆದಾಯದ ಕಾಲು ಭಾಗ ಅಥವಾ ತಲೆಯೆಣಿಕೆಯ ದರ, ಇವುಗಳಲ್ಲಿ ಯಾವುದು ಹೆಚ್ಚೋ ಅದು.

ಈ ಜಗಳದ ಒಂದು ಎಳೆ ಭಾರತಕ್ಕೂ ತಾಕಿತು. ಅಮೆರಿಕದ ಕಾಯಿದೆಯು ನೀಡುವ ಅನುಮತಿ ಆ ದೇಶದೊಳಗಿನ ಶ್ರೋತೃಗಳಿಗೆ ಮಾತ್ರ ಅನ್ವಯಿಸುತ್ತದೆ. ಈ ಕಾರಣವನ್ನೇ ಮುಂದಿಟ್ಟು ಪಂಡೋರವು 2007ರ ಮೇ ತಿಂಗಳಲ್ಲಿ ಹೊರದೇಶಗಳವರಿಗೆ ಬಾಗಿಲು ಹಾಕಿತು. ಅಲೆಗೆ ಗಡಿ ಕಟ್ಟಲಾಗದು. ಪ್ರತ್ಯೇಕವಾಗಿ ಹರಿಯುವ ಹೊನಲಿಗೆ ಕಟ್ಟಬಹುದು.

ಮುಚ್ಚಿದ ಬಾಗಿಲು

ಸಣ್ಣ ನಿಲಯಗಳ ಆ ಒಪ್ಪಂದದ ಅವಧಿ 2015ರ ಡಿಸೆಂಬರ್ 31ಕ್ಕೆ ತೀರಿತು. ಹೊಸ ತೀರ್ಪಿನಲ್ಲಿ ಸಣ್ಣವರಿಗೆಂದು ಪ್ರತ್ಯೇಕ ದರವಿರಲಿಲ್ಲ. ಶುಲ್ಕವಿಲ್ಲದೆ ಕೇಳಿಸುವ ಎಲ್ಲ ವಾಣಿಜ್ಯ ನಿಲಯಗಳಿಗೂ ಹಾಡಿಗೆ, ತಲೆಗೆ, 0.17 ಸೆಂಟ್. ದೊಡ್ಡವರಲ್ಲಿ ಕೆಲವರಿಗೆ ಇದು ಕೊಂಚ ಅನುಕೂಲವೇ ಆಗಿತ್ತು; ಸಣ್ಣವರಿಗೆ ಸಿಡಿಲಾಯಿತು. 1999ರಲ್ಲಿ ಆರಂಭವಾಗಿ ಸಾವಿರಾರು ಹವ್ಯಾಸಿಗಳಿಗೆ ಸರ್ವರನ್ನೂ ಅನುಮತಿಯನ್ನೂ ಒಂದೇ ಮಾಸಿಕ ಶುಲ್ಕದಲ್ಲಿ ಒದಗಿಸುತ್ತಿದ್ದ ಲೈವ್365 ಎಂಬ ಸಂಸ್ಥೆಯು, ಬಂಡವಾಳ ಹೂಡಿದವರೂ ಕೈಬಿಟ್ಟುದರಿಂದ, 2016ರ ಜನವರಿ 31ರಂದು ಮುಚ್ಚಿತು. ಅದನ್ನು ನೆಚ್ಚಿದ್ದ ನಿಲಯಗಳೂ ಅದರೊಡನೆ ಮೌನವಾದುವು. 2017ರಲ್ಲಿ ಹೊಸ ಒಡೆಯರ ಕೈಯಲ್ಲಿ ಸಂಸ್ಥೆಯು ಮತ್ತೆ ತೆರೆಯಿತಾದರೂ, ನಿಂತ ನಿಲಯಗಳೆಲ್ಲ ಹಿಂದಿರುಗಲಿಲ್ಲ. 2021ಕ್ಕೆ ದರವು 0.21 ಸೆಂಟಿಗೇರಿತು.

ವಿದ್ಯಾರ್ಥಿಗಳ ನಿಲಯಗಳಂತಹ ವಾಣಿಜ್ಯೇತರ ನಿಲಯಗಳಿಗೆ ಮಾತ್ರ ಕಾನೂನು ಸ್ವಲ್ಪ ದಯೆ ತೋರಿದೆ. ತಿಂಗಳಿಗೆ ಒಟ್ಟು 1,59,140 ಶ್ರವಣಗಂಟೆಗಳು ಮೀರುವವರೆಗೆ ಅವು ವರ್ಷದ ಕನಿಷ್ಠ ಶುಲ್ಕವನ್ನಷ್ಟೇ ಕೊಟ್ಟರೆ ಸಾಕು. ಈ ವಿಚಿತ್ರ ಸಂಖ್ಯೆಯು ಎಲ್ಲಿಂದ ಬಂದಿತು? ತಿಂಗಳಿಗೆ ಸರಾಸರಿ 730 ಗಂಟೆಗಳು. ಭಾಗಿಸಿ ನೋಡಿದರೆ ಸರಾಸರಿ 218 ಶ್ರೋತೃಗಳು. ಅಷ್ಟು ಮಂದಿಗೆ ಕೇಳಿಸುವವರೆಗೆ ಹಗುರ, ಅದಕ್ಕೆ ಮೀರಿದರೆ ಎಣಿಕೆಯ ಭಾರ.

ನಮ್ಮ ದೇಶದ ಸ್ಥಿತಿ

ಭಾರತದಲ್ಲಿ ಖಾಸಗಿ ಎಫ್‌ಎಂ ನಿಲಯಗಳು ಧ್ವನಿಮುದ್ರಣಕ್ಕೆ ಹಣ ಕೊಡಬೇಕು. ಎಷ್ಟೆಂಬ ವಿವಾದ ಬೆಳೆದಾಗ 2010ರ ಆಗಸ್ಟ್‌ನಲ್ಲಿ ಕೃತಿಸ್ವಾಮ್ಯ ಮಂಡಲಿಯು ನಿವ್ವಳ ಜಾಹೀರಾತು ಆದಾಯದ ನೂರಕ್ಕೆ 2 ಎಂದು ತೀರ್ಮಾನಿಸಿತು. ನಿಲಯದ ಗಳಿಕೆಯೊಡನೆ ಮುದ್ರಣದ ಒಡೆಯನ ಪಾಲೂ ಏರುವ, ಇಳಿಯುವ ಕ್ರಮವದಾಗಿತ್ತು. 2012ರಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಗೆ 31ಡಿ ಎಂಬ ವಿಧಿಯನ್ನು ಸೇರಿಸಿ, ಗೊತ್ತಾದ ದರ ತೆತ್ತು ಪ್ರಸಾರ ಮಾಡುವ ಹಕ್ಕನ್ನು ಪ್ರಸಾರ ಸಂಸ್ಥೆಗಳಿಗೆ ಕೊಡಲಾಯಿತು. ಆದರೆ ಅದು ಬಾನುಲಿಗೂ ದೂರದರ್ಶನಕ್ಕೂ ಮಾತ್ರ, ಅಂತರಜಾಲಕ್ಕಲ್ಲ ಎಂದು ಬಾಂಬೆ ಉಚ್ಚ ನ್ಯಾಯಾಲಯವು ಟಿಪ್ಸ್ ಮತ್ತು ವಿಂಕ್ ಕಂಪನಿಗಳ ನಡುವಣ ಮೊಕದ್ದಮೆಯಲ್ಲಿ 2019ರಲ್ಲಿ ತೀರ್ಪಿತ್ತಿತು. 2022ರಲ್ಲಿ ವಿಭಾಗೀಯ ಪೀಠವೂ ಅದನ್ನೇ ಎತ್ತಿಹಿಡಿಯಿತು. ಆ ತೀರ್ಪಿನಂತೆ, ಅಂತರಜಾಲದಲ್ಲಿ ಕನ್ನಡ ಚಿತ್ರಗೀತೆಗಳ ನಿಲಯವೊಂದನ್ನು ತೆರೆಯಬಯಸುವವರು ಹಾಡುಗಳ ಒಡೆಯರೊಡನೆ ತಾವೇ ಮಾತನಾಡಿ ಒಪ್ಪಿಗೆ ಪಡೆಯಬೇಕು. ಇಲ್ಲಿ ಸಣ್ಣವನ ಕಷ್ಟವು ದರದಿಂದಲ್ಲ, ದರವೇ ಇಲ್ಲದಿರುವುದರಿಂದ.

ಮೊತ್ತವಲ್ಲ, ಕ್ರಮ

ಇಷ್ಟನ್ನೂ ನೋಡಿದಾಗ ಒಂದಂಶ ಸ್ಪಷ್ಟವಾಗುತ್ತದೆ. ಗಾಯಕನಿಗೆ ಹಣ ಸಲ್ಲಬೇಕೇ ಎಂಬ ಪ್ರಶ್ನೆಗೆ ಉತ್ತರ ಕಠಿನವಲ್ಲ, ಸಲ್ಲಬೇಕು. ಯಾವ ಕ್ರಮದಲ್ಲಿ ಸಲ್ಲಬೇಕೆಂಬುದೇ ನಿಜವಾದ ಪ್ರಶ್ನೆ. ಆದಾಯದ ಪಾಲನ್ನು ಕೇಳಿದರೆ ಬಡ ನಿಲಯವೂ ಉಳಿದೀತು. ಆದರೆ ಏನನ್ನೂ ಗಳಿಸದ ನಿಲಯವು ನುಡಿಸಿದ ಹಾಡಿಗೆ ಗಾಯಕನಿಗೂ ಏನೂ ದೊರೆಯದು. ತಲೆಯೆಣಿಸಿ ಕೇಳಿದರೆ ಗಾಯಕನಿಗೆ ಪ್ರತಿ ಹಾಡಿನ ಬೆಲೆ ನಿಶ್ಚಿತ. ಆದರೆ ಶ್ರೋತೃಗಳು ಹೆಚ್ಚಿದಷ್ಟೂ ನಿಲಯವು ಮುಳುಗುತ್ತದೆ. ನಿಲಯವೇ ಮುಳುಗಿದರೆ, ಅದು ಮಾತ್ರ ನುಡಿಸುತ್ತಿದ್ದ ಅಪರಿಚಿತ ಗಾಯಕನಿಗೆ ಶ್ರೋತೃವೂ ಇಲ್ಲ, ಹಣವೂ ಇಲ್ಲ. ಎರಡು ಸಲ ಸಂಧಾನದಿಂದ ದೊರೆತ ಆದಾಯದ ಪಾಲಿನ ಒಪ್ಪಂದಗಳು ಈ ಎರಡು ಅಂಚುಗಳ ನಡುವೆ ದಾರಿಯಿದೆಯೆಂಬುದನ್ನು ತೋರಿಸಿವೆ. ಅವು ತಾತ್ಕಾಲಿಕವಾದುವೆಂಬುದೇ ಅವುಗಳ ದೋಷ.

ಯಂತ್ರವು ಎಣಿಸಬಲ್ಲುದೆಂಬ ಮಾತ್ರಕ್ಕೆ ಎಣಿಸಿದಂತೆಯೇ ಸುಂಕ ಕಟ್ಟಬೇಕೆಂದೇನೂ ಇಲ್ಲ. ಎಣಿಕೆಯನ್ನು ಸರ್ವರು ಮಾಡುತ್ತದೆ. ಆ ಎಣಿಕೆಯಿಂದ ಯಾರಿಗೆ ಎಷ್ಟು ಎಂದು ನಿರ್ಣಯಿಸುವ ಕೆಲಸ ಮನುಷ್ಯರದು. ಸೋಮಎಫ್‌ಎಂ, ರೇಡಿಯೋ ಪ್ಯಾರಡೈಸ್‌ಗಳು ಈಗಲೂ ಶ್ರೋತೃಗಳ ಕೊಡುಗೆಯಿಂದ ಹಾಡುತ್ತಿವೆ. ಅವನ್ನು ಕೇಳುವ ವಿದ್ಯಾರ್ಥಿಯು ಒಮ್ಮೆ ಕಾಗದ ಪೆನ್ಸಿಲು ಹಿಡಿದು, ತಾನು ಕೇಳಿದ ಒಂದು ಗಂಟೆಗೆ 15 ಹಾಡುಗಳು, 2021ರ ದರದಂತೆ ಹಾಡಿಗೆ 0.21 ಸೆಂಟ್ ಎಂದು ಗುಣಿಸಲಿ. ಉತ್ತರವು ಮೂರು ಸೆಂಟಿಗೆ ತುಸು ಮೇಲೆ. ಆ ಮೂರು ಸೆಂಟನ್ನು ಯಾರು ಕೊಡಬೇಕೆಂಬುದೇ ಈ ಇಡೀ ವಿವಾದದ ತಿರುಳು.