ಅಗ್ಗದ ಮುದ್ರಿಕೆ, ಚಲಿಸುವ ಲಾಂಛನ: ಚಲನಚಿತ್ರದ ಪ್ರತಿನಿರ್ಣಯವನ್ನು ಕುರಿತು

ಕನ್ನಡ ವಿಭಾಗಗಳಲ್ಲಿ ಚಲನಚಿತ್ರದ ಅಧ್ಯಯನವು ಬಹುಮಟ್ಟಿಗೆ ಕೃತಿ ಮತ್ತು ಚಿತ್ರಗಳ ತೌಲನಿಕ ವಿವೇಚನೆಯ ರೂಪದಲ್ಲಿ ನಡೆದುಬಂದಿದೆ. ‘ಸಂಸ್ಕಾರ’ (1970), ‘ಚೋಮನ ದುಡಿ’ (1975), ‘ಘಟಶ್ರಾದ್ಧ’ (1977), ‘ಕಾನೂರು ಹೆಗ್ಗಡಿತಿ’ (1999) ಮೊದಲಾದವು ಇಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುವ ಚಿತ್ರಗಳು. ಆದರೆ ಸಂಶೋಧಕರು ನೋಡಿದ ಪ್ರತಿ ಯಾವುದು ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳುವುದಿಲ್ಲ. ಪಂಪಭಾರತದ ಒಂದು ಪದ್ಯವನ್ನು ಉದ್ಧರಿಸುವಾಗ 1898ರ ರೈಸ್ ಅವರ ಮುದ್ರಣವೋ ಪರಿಷತ್ತಿನ ಮುದ್ರಣವೋ ಎಂದು ನಿಷ್ಠುರವಾಗಿ ಕೇಳುವ ವಿದ್ವತ್ ಪರಂಪರೆಯೇ, ಚಲನಚಿತ್ರದ ವಿಷಯಕ್ಕೆ ಬಂದಾಗ ಹೆಸರು ಮತ್ತು ವರ್ಷಗಳಿಗೆ ತೃಪ್ತಿಪಟ್ಟುಕೊಳ್ಳುತ್ತದೆ. ಮನೆಬಳಕೆಯ ದೃಶ್ಯಮುದ್ರಿಕೆಗಳ ಮೊದಲಿಗೆ ಕೆಲವೇ ಕ್ಷಣ ಕಾಣಿಸಿ ಮರೆಯಾಗುವ ವಿತರಕರ ಚಲಿಸುವ ಲಾಂಛನವು ಈ ಕೊರತೆಯನ್ನು ತುಂಬಲು ನೆರವಾಗಬಲ್ಲದು ಎಂಬುದು ಪ್ರಸ್ತುತ ಲೇಖನದ ವಾದ. ಇದಕ್ಕೆ ಮೋಸರ್ ಬೇರ್ ಸಂಸ್ಥೆಯ ಚರಿತ್ರೆಯನ್ನು ಆಧಾರವಾಗಿ ಇಟ್ಟುಕೊಳ್ಳಲಾಗಿದೆ.

ಕನ್ನಡದ ಕಿವಿಗೆ ಮೊಸರನ್ನು ನೆನಪಿಸುವ ಈ ಹೆಸರು ಬಂದದ್ದು ಸ್ವಿಟ್ಜರ್‌ಲೆಂಡಿನ ಸುಮಿಸ್‌ವಾಲ್ಡ್ ಎಂಬ ಊರಿನ ಗಡಿಯಾರ ತಯಾರಿಕಾ ಸಂಸ್ಥೆಯಿಂದ. ಅದರೊಡನೆ ಹಾಗೂ ಜಪಾನಿನ ಮಾರುಜೆನ್ ಸಂಸ್ಥೆಯೊಡನೆ ತಾಂತ್ರಿಕ ಸಹಯೋಗ ಮಾಡಿಕೊಂಡು ದೀಪಕ್ ಪುರಿಯವರು 1983ರಲ್ಲಿ ದೆಹಲಿಯಲ್ಲಿ ಮೋಸರ್ ಬೇರ್ ಇಂಡಿಯಾವನ್ನು ಸ್ಥಾಪಿಸಿದರು. ಮೊದಲು ತಯಾರಿಸಿದ್ದು ಕಾಲವನ್ನು ದಾಖಲಿಸುವ ಯಂತ್ರಗಳನ್ನು. 1988ರಲ್ಲಿ ಕಂಪ್ಯೂಟರಿನ ಫ್ಲಾಪಿಗಳ ತಯಾರಿಕೆಗೆ ಕೈಹಾಕಿದ ಸಂಸ್ಥೆ, ಮುಂದೆ ಖಾಲಿ ಸಿ.ಡಿ., ಡಿ.ವಿ.ಡಿ.ಗಳನ್ನು ಭಾರಿ ಪ್ರಮಾಣದಲ್ಲಿ ತಯಾರಿಸಿತು. ತಾನೇ ಮಾಡಿದ ಬಿಲ್ಲೆಗಳಲ್ಲಿ ಚಲನಚಿತ್ರಗಳನ್ನು ತುಂಬಿ ಮಾರುವ ಆಲೋಚನೆ ಬಂದದ್ದು 2006–07ರ ಹೊತ್ತಿಗೆ. ಹಿಂದಿ, ತಮಿಳು, ತೆಲುಗು, ಮಲಯಾಳಂಗಳ ಜೊತೆಗೆ ಕನ್ನಡದ ಚಿತ್ರಗಳ ಹಕ್ಕುಗಳನ್ನೂ ಅದು ಪಡೆಯಿತು.

ಇಲ್ಲಿ ನಿರ್ಣಾಯಕವಾದದ್ದು ಬೆಲೆ. ವಿ.ಸಿ.ಡಿ.ಗೆ 28 ರೂಪಾಯಿ, ಡಿ.ವಿ.ಡಿ.ಗೆ 34 ರೂಪಾಯಿ. ಅಲ್ಲಿಯವರೆಗೆ ಅಧಿಕೃತ ಮುದ್ರಿಕೆಗಳು ಇದರ ಹಲವು ಪಟ್ಟು ಬೆಲೆಗೆ ಮಾರಾಟವಾಗುತ್ತಿದ್ದವು. ಬಸ್ ನಿಲ್ದಾಣದ ಬದಿಯಲ್ಲಿ ಸಿಗುತ್ತಿದ್ದ ಕಳ್ಳಪ್ರತಿಗಳ ಬೆಲೆಯ ಹತ್ತಿರಕ್ಕೆ ಅಧಿಕೃತ ಪ್ರತಿಯನ್ನು ಇಳಿಸಿದ್ದೇ ಈ ವ್ಯಾಪಾರದ ತಂತ್ರ. 1980ರ ದಶಕದಲ್ಲಿ ಗುಲ್ಶನ್ ಕುಮಾರ್ ಅವರ ಟಿ-ಸೀರೀಸ್ ಧ್ವನಿಸುರುಳಿಗಳ ವಿಷಯದಲ್ಲಿ ಮಾಡಿದ್ದೂ ಇದನ್ನೇ. ಚಿತ್ರಮಂದಿರದಿಂದ ಎಂದೋ ಕಣ್ಮರೆಯಾದ ಚಿತ್ರವನ್ನು ಅಧ್ಯಾಪಕರು ಕೈಯಿಂದ ಹಣ ಹಾಕಿ ಕೊಂಡು ತರಗತಿಯಲ್ಲಿ ತೋರಿಸುವುದು ಇದರಿಂದ ಸುಲಭವಾಯಿತು. ಚಲನಚಿತ್ರವು ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಓದಬಹುದಾದ ಪಠ್ಯವಾದದ್ದರಲ್ಲಿ ನಮ್ಮ ಸಿದ್ಧಾಂತಗಳ ಪಾಲಿನಷ್ಟೇ ಈ ಮೂವತ್ತು ರೂಪಾಯಿಯ ಪಾಲೂ ಇದೆ.

ಅಂತರಜಾಲದಲ್ಲಿ ಚಿತ್ರಗಳು ಸುಲಭವಾಗಿ ಸಿಗತೊಡಗಿದಂತೆ ಬಿಲ್ಲೆಯ ಮಾರುಕಟ್ಟೆ ಕುಸಿಯಿತು. ಸಾಲದ ಹೊರೆಯಲ್ಲಿದ್ದ ಸಂಸ್ಥೆಯು 2017ರಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. 2018ರಲ್ಲಿ ಅದರ ಸಮಾಪನಕ್ಕೆ ಆದೇಶವಾಯಿತು.

ಇನ್ನು ಲಾಂಛನದ ವಿಚಾರ. ಪ್ರಭಾತ್ ಸಂಸ್ಥೆಯ ತುತ್ತೂರಿ ಊದುವ ಸ್ತ್ರೀ, ಜೆಮಿನಿಯ ಕಹಳೆ ಊದುವ ಅವಳಿ ಮಕ್ಕಳು, ರಾಜ್ ಕಪೂರ್ ಅವರ ಸಂಸ್ಥೆಗೆ ‘ಬರ್ಸಾತ್’ (1949) ಚಿತ್ರದಿಂದ ಒದಗಿದ ಪಿಟೀಲಿನ ಜೋಡಿ, ಇವೆಲ್ಲ ನಿರ್ಮಾಪಕರ ಲಾಂಛನಗಳು. ಇವು ಚಿತ್ರದ ಸುರುಳಿಯಲ್ಲಿಯೇ ಇದ್ದು ಅದರ ಅಂಗವೇ ಆಗಿವೆ, ಕಾವ್ಯದ ನಾಂದೀಪದ್ಯವಿದ್ದಂತೆ. ವಿತರಕರ ಲಾಂಛನ ಹಾಗಲ್ಲ. ಅದು ಅಂಟಿಕೊಂಡಿರುವುದು ಕೃತಿಗಲ್ಲ, ಪ್ರತಿಗೆ. ಕಂಪ್ಯೂಟರ್ ಕಾಲದ ಈ ಲಾಂಛನಗಳಲ್ಲಿ ಸಾಮಾನ್ಯವಾಗಿ ಕತ್ತಲೆಯಿಂದ ಲೋಹದ ಹೊಳಪಿನ ಅಕ್ಷರಗಳು ತಿರುಗುತ್ತ ಬಂದು ಸಾಲುಗೂಡುತ್ತವೆ, ಬೆಳಕಿನ ಗೆರೆಯೊಂದು ಅವುಗಳ ಮೇಲೆ ಹಾಯುತ್ತದೆ, ಒಂದು ನಾದ ಮೊಳಗಿ ನಿಲ್ಲುತ್ತದೆ. ಕಲಾದೃಷ್ಟಿಯಿಂದ ಇದರಲ್ಲಿ ಹೆಚ್ಚೇನೂ ಇಲ್ಲವೆಂದೇ ಹೇಳಬೇಕು. ಆದರೆ ತಾಳೆಗರಿಯ ಕೊನೆಯಲ್ಲಿ ಲಿಪಿಕಾರನು ಸಂವತ್ಸರ, ತಿಥಿ, ತನ್ನ ಹೆಸರುಗಳನ್ನು ಬರೆದಿಡುವ ಮಾತಿಗೂ ಕಾವ್ಯಗುಣವಿರುವುದಿಲ್ಲ. ಗ್ರಂಥಸಂಪಾದಕನಿಗೆ ಬೇಕಾದದ್ದು ಮಾತ್ರ ಅದೇ.

ಲಾಂಛನದ ಬೆನ್ನಿಗೆ ಬರುವ ಬರಹಗಳನ್ನು ನಾವು ಬೇಸರದಿಂದ ದಾಟಿಸಿಬಿಡುತ್ತೇವೆ. ಇವು ವಿತರಕರ ಇಚ್ಛೆಗೆ ಬಿಟ್ಟವಲ್ಲ. ಕೃತಿಸ್ವಾಮ್ಯ ಕಾಯಿದೆಗೆ 1984ರ ತಿದ್ದುಪಡಿಯಿಂದ ಸೇರಿದ 52ಎ ಪ್ರಕರಣದಂತೆ, ವಿಡಿಯೊ ಚಿತ್ರವನ್ನು ಪ್ರದರ್ಶಿಸುವಾಗಲೂ ಅದರ ಹೊದಿಕೆಯ ಮೇಲೂ ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ವಿಡಿಯೊ ತಯಾರಿಸಿದವರ ಹೆಸರು ಮತ್ತು ವಿಳಾಸ, ಒಪ್ಪಿಗೆ ಪಡೆದಿರುವ ಘೋಷಣೆ, ಹಕ್ಕುದಾರರ ಹೆಸರು ಮತ್ತು ವಿಳಾಸಗಳು ಇರಲೇಬೇಕು. ಲಿಪಿಕಾರನ ಸ್ವಯಂಪ್ರೇರಿತ ಮಾತನ್ನು ಇಲ್ಲಿ ಶಾಸನವೇ ಕಡ್ಡಾಯಗೊಳಿಸಿದೆ. ಹೀಗಾಗಿ ಮೋಸರ್ ಬೇರ್ ಲಾಂಛನವಿರುವ ಪ್ರತಿಯ ಪೂರ್ವಮಿತಿ 2006, ಉತ್ತರಮಿತಿ 2018 ಎಂದು ನಿರ್ಣಯಿಸಲು ಅಡ್ಡಿಯಿಲ್ಲ. ಅಂಥ ಬಿಲ್ಲೆಯಿಂದ ಎತ್ತಿ ಯಾರೋ ಯೂಟ್ಯೂಬಿಗೆ ಏರಿಸಿದ ಪ್ರತಿಯಲ್ಲಿ ಆರಂಭವನ್ನು ಕತ್ತರಿಸಿದ್ದರೂ, ಪರದೆಯ ಮೂಲೆಯಲ್ಲಿ ವಿತರಕರ ಗುರುತು ಉಳಿದಿದ್ದರೆ ಅದರ ಮಾತೃಪ್ರತಿ ಯಾರದೆಂದು ತಿಳಿಯುತ್ತದೆ.

ಪ್ರಮಾಣಪತ್ರದಲ್ಲಿ ನಮೂದಾಗಿರುವ ಚಿತ್ರದ ಉದ್ದವು ಇದಕ್ಕಿಂತ ಅಮೂಲ್ಯವಾದ ಸಾಕ್ಷ್ಯ. 35 ಮಿ.ಮೀ. ಸುರುಳಿ ನಿಮಿಷಕ್ಕೆ ಸುಮಾರು 27.36 ಮೀಟರ್ ಓಡುತ್ತದೆ. 4,000 ಮೀಟರಿನ ಚಿತ್ರದ ಅವಧಿ ಸುಮಾರು 146 ನಿಮಿಷ. ಬಿಲ್ಲೆಯಲ್ಲಿ ಅದು 125 ನಿಮಿಷಕ್ಕೆ ಮುಗಿದರೆ ಹಾಡುಗಳೋ ದೃಶ್ಯಗಳೋ ಲೋಪವಾಗಿವೆ ಎಂದೇ ಅರ್ಥ. ಆದರೆ 140 ನಿಮಿಷವಿದ್ದರೆ ಅವಸರಪಡಬಾರದು. ಸುರುಳಿಯಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಿದ್ದರೆ ಪಾಲ್ ಪದ್ಧತಿಯ ಮುದ್ರಿಕೆಯಲ್ಲಿ ಅವು 25ರಂತೆ ಓಡುತ್ತವೆ; ನೂರಕ್ಕೆ ನಾಲ್ಕರಷ್ಟು ಕಾಲ ತಾನಾಗಿ ಕುಗ್ಗುತ್ತದೆ, ಒಂದು ದೃಶ್ಯವೂ ಹೋಗಿರುವುದಿಲ್ಲ. ಎನ್.ಟಿ.ಎಸ್.ಸಿ. ಪದ್ಧತಿಯ ಡಿ.ವಿ.ಡಿ.ಗಳಲ್ಲಿ ಈ ವ್ಯತ್ಯಾಸ ಬರುವುದಿಲ್ಲವಾದ್ದರಿಂದ ಪದ್ಧತಿ ಯಾವುದೆಂದು ಮೊದಲು ನೋಡಿಕೊಳ್ಳಬೇಕು. ನಿರ್ದೇಶಕರು ಕಾದಂಬರಿಯ ಇಂಥ ಭಾಗವನ್ನು ಕೈಬಿಟ್ಟಿದ್ದಾರೆ ಎಂದು ತೌಲನಿಕ ಅಧ್ಯಯನಗಳು ತೀರ್ಪು ಕೊಡುವಾಗ, ಕೈಬಿಟ್ಟವರು ನಿರ್ದೇಶಕರೋ ಮುದ್ರಿಕೆಯವರೋ ಎಂಬುದು ಈ ಲೆಕ್ಕ ಹಾಕದೆ ತಿಳಿಯುವುದಿಲ್ಲ.

ಉದ್ದವಷ್ಟೇ ಅಲ್ಲ, ಚಿತ್ರದ ಗುಣವೂ ಪ್ರತಿಯಿಂದ ಪ್ರತಿಗೆ ಬದಲಾಗುತ್ತದೆ. ವಿ.ಸಿ.ಡಿ.ಯ ಚಿತ್ರ 352×288 ಬಿಂದುಗಳದು, ಡಿ.ವಿ.ಡಿ.ಯದು 720×576. ಒಂದು ವಿ.ಸಿ.ಡಿ.ಯಲ್ಲಿ ಹಿಡಿಯುವುದು ಸುಮಾರು 74ರಿಂದ 80 ನಿಮಿಷ ಮಾತ್ರವಾದ್ದರಿಂದ ಕನ್ನಡ ಚಿತ್ರಗಳು ಎರಡು ಅಥವಾ ಮೂರು ಬಿಲ್ಲೆಗಳಲ್ಲಿ ಹಂಚಿಹೋದವು. ‘ಕಸ್ತೂರಿ ನಿವಾಸ’ (1971) 2014ರಲ್ಲಿ ಬಣ್ಣ ತುಂಬಿಕೊಂಡು ಬಂದಿತು. ಆ ಪ್ರತಿಯನ್ನು ನೋಡಿ 1971ರ ವರ್ಣವಿನ್ಯಾಸದ ಬಗ್ಗೆ ಬರೆಯಲಾಗದು. ಕಪ್ಪು-ಬಿಳುಪಿನ ‘ಘಟಶ್ರಾದ್ಧ’ದ ರಾತ್ರಿಯ ದೃಶ್ಯಗಳು ವಿ.ಸಿ.ಡಿ. ಗುಣದ ಪ್ರತಿಯಲ್ಲಿ ಬರಿಯ ಕಪ್ಪು ಚೌಕಗಳಾಗಿಬಿಡುತ್ತವೆ. ಅದೇ ಚಿತ್ರದ ಪುನಶ್ಚೇತನಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶಿತವಾಯಿತು. ಎಸ್. ರಾಮಚಂದ್ರ ಅವರ ಛಾಯಾಗ್ರಹಣದ ಕತ್ತಲೆಯನ್ನು ಕುರಿತು ಮೊದಲು ಬಂದ ವಿಮರ್ಶೆಗಳಲ್ಲಿ ಎಷ್ಟು ಭಾಗ ಛಾಯಾಗ್ರಾಹಕರದು, ಎಷ್ಟು ಬಿಲ್ಲೆಯದು ಎಂಬುದನ್ನು ಈಗಲಾದರೂ ಬೇರ್ಪಡಿಸಬಹುದು.

ವಿಭಾಗಗಳ ಗ್ರಂಥಾಲಯಗಳಲ್ಲಿ ಉಳಿದಿರುವ ಮುದ್ರಿಕೆಗಳನ್ನು ಸೂಚೀಕರಿಸುವಾಗ ಶೀರ್ಷಿಕೆ, ನಿರ್ದೇಶಕರು, ವರ್ಷಗಳ ಜೊತೆಗೆ ವಿತರಕರು, ಲಾಂಛನದ ವಿವರಣೆ, ಬಿಲ್ಲೆಗಳ ಸಂಖ್ಯೆ, ಮುದ್ರಣ ಪದ್ಧತಿ, ಅಳೆದು ನೋಡಿದ ಅವಧಿ, ಪ್ರಮಾಣಪತ್ರದ ಸಂಖ್ಯೆ ಮತ್ತು ಉದ್ದ, ನಿರ್ಮಾಪಕರ ಲಾಂಛನ ಉಳಿದಿದೆಯೋ ಇಲ್ಲವೋ ಎಂಬ ವಿವರಗಳನ್ನು ದಾಖಲಿಸಬೇಕು. ಹೊದಿಕೆಗಳನ್ನು ಕಸಕ್ಕೆ ಹಾಕಿ ಬಿಲ್ಲೆಗಳನ್ನು ಮಾತ್ರ ಉಳಿಸಿಕೊಂಡಿರುವ ಕಡೆಗಳಲ್ಲಿ ಈ ಕೆಲಸಕ್ಕೆ ಬಿಲ್ಲೆಯ ಮೊದಲ ಎರಡು ನಿಮಿಷಗಳೇ ಏಕೈಕ ಆಕರ. ಅಲ್ಯೂಮಿನಿಯಂ ಪದರಕ್ಕೆ ತೇವ ತಗುಲಿದ ಬಿಲ್ಲೆಗಳು ಓದಲಾರದೆ ನಿಲ್ಲುತ್ತವೆ. ಮಲೆನಾಡಿನ ಮಳೆಗಾಲದಲ್ಲಿ ಕಪಾಟಿನಲ್ಲಿಟ್ಟ ಸಂಗ್ರಹಗಳನ್ನು ಮೊದಲು ತೆರೆದು ನೋಡುವುದು ಉಚಿತ.