ಘೋಷಣೆಗೆ ಕಾಯುವ ಬರ

ಸಮುದ್ರದಿಂದ ಬಹುದೂರದಲ್ಲಿರುವ, ಕರ್ನಾಟಕದ ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಬರದ ವಿಪತ್ತನ್ನು ಅರಿಯುವುದಕ್ಕೆ ದ್ವೀಪರಾಷ್ಟ್ರಗಳ ಅನುಭವ ನೆರವಾಗುತ್ತದೆ, ಏಕೆಂದರೆ ಎರಡೂ ಕಡೆ ನದಿಯ ಆಸರೆ ಕಡಿಮೆ, ಮಳೆ ತಪ್ಪಿದರೆ ಕುಡಿಯುವ ನೀರಿಗೇ ತತ್ವಾರ. ಪೆಸಿಫಿಕ್ ಸಾಗರದ ತುವಾಲು ದೇಶದಲ್ಲಿ ಮನೆಯ ಚಾವಣಿಯಿಂದ ತೊಟ್ಟಿಗೆ ಇಳಿಯುವ ಮಳೆನೀರೇ ಮುಖ್ಯ ಆಧಾರ. 2011ರಲ್ಲಿ ತೊಟ್ಟಿಗಳು ಬರಿದಾದಾಗ ಅಲ್ಲಿನ ಸರ್ಕಾರ ತುರ್ತುಸ್ಥಿತಿ ಘೋಷಿಸಿ ನೀರನ್ನು ಪಡಿತರದಂತೆ ಹಂಚಿತು, ಉಪ್ಪುನೀರನ್ನು ಸಿಹಿಯಾಗಿಸುವ ಯಂತ್ರಗಳು ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಿಂದ ಬಂದವು. ಹೊರಗಿನ ನೆರವು ತಲುಪಲು ದಿನಗಳೇ ಹಿಡಿಯುವುದರಿಂದ ಇಂಥ ದೇಶಗಳು ಟಾರ್ಪಾಲು, ನೀರಿನ ಡಬ್ಬಿ ಮೊದಲಾದವನ್ನು ದೂರದ ದ್ವೀಪಗಳಲ್ಲಿ ಮುಂಚೆಯೇ ದಾಸ್ತಾನು ಮಾಡುತ್ತವೆ. ಕೆರಿಬಿಯನ್ ದ್ವೀಪಗಳು 2007ರಲ್ಲಿ ಒಟ್ಟುಗೂಡಿ ಕಟ್ಟಿಕೊಂಡ ವಿಮಾ ನಿಧಿ ಇನ್ನೂ ಗಮನಾರ್ಹವಾದುದು; ಗಾಳಿಯ ವೇಗ, ಮಳೆಯ ಪ್ರಮಾಣ, ಭೂಕಂಪದ ತೀವ್ರತೆಗಳು ಮೊದಲೇ ಗೊತ್ತುಪಡಿಸಿದ ಮಟ್ಟ ಮುಟ್ಟಿದರೆ, ನಷ್ಟದ ಪಂಚನಾಮೆಗೆ ಕಾಯದೆ ಹದಿನಾಲ್ಕು ದಿನಗಳೊಳಗೆ ಸರ್ಕಾರದ ಕೈಗೆ ಹಣ ಸೇರುವುದು ಅದರ ಕ್ರಮ.

ಅಳೆಯುವ ವಿಷಯದಲ್ಲಿ ಕರ್ನಾಟಕ ಹಿಂದೆ ಬಿದ್ದಿಲ್ಲ. 1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾದ ಸಂಸ್ಥೆ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿ ಬೆಳೆದು, ಗ್ರಾಮ ಪಂಚಾಯಿತಿ ಮಟ್ಟದವರೆಗೂ ಸೌರಶಕ್ತಿಯಿಂದ ನಡೆಯುವ ಮಳೆಮಾಪಕಗಳನ್ನು ನಿಲ್ಲಿಸಿದ್ದು, ಅವು ಹದಿನೈದು ನಿಮಿಷಕ್ಕೊಮ್ಮೆ ಬೆಂಗಳೂರಿಗೆ ಅಂಕಿಗಳನ್ನು ರವಾನಿಸುತ್ತವೆ. ಆದರೆ ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿಯ ಪ್ರಕಾರ ಮಳೆಯ ಕೊರತೆ ಅಥವಾ ಸತತ ಮಳೆಯಿಲ್ಲದ ವಾರಗಳು ಮೊದಲ ಸೂಚನೆ ಮಾತ್ರ. ಬಿತ್ತನೆಯ ವಿಸ್ತೀರ್ಣ, ಉಪಗ್ರಹ ಚಿತ್ರದಲ್ಲಿ ಕಾಣುವ ಬೆಳೆಯ ಹಸಿರು, ಮಣ್ಣಿನ ತೇವಾಂಶ, ಜಲಾಶಯ ಹಾಗೂ ಅಂತರ್ಜಲದ ಮಟ್ಟ ಇವೆಲ್ಲವನ್ನೂ ತೂಗಿ, ಆಯ್ದ ಹಳ್ಳಿಗಳ ಹೊಲಗಳಿಗೆ ಇಳಿದು ಪರಿಶೀಲಿಸಿದ ಮೇಲೆಯೇ ತಾಲ್ಲೂಕು ಬರಪೀಡಿತವೆನಿಸುತ್ತದೆ. ಅನಂತರ ರಾಜ್ಯದ ಮನವಿ, ಕೇಂದ್ರ ತಂಡದ ಭೇಟಿ, ದೆಹಲಿಯ ಸಮಿತಿಯ ತೀರ್ಮಾನ. 2023ರ ಸೆಪ್ಟೆಂಬರಿನಲ್ಲಿ 195 ತಾಲ್ಲೂಕುಗಳಿಂದ ಶುರುವಾದ ಘೋಷಣೆ ಕೊನೆಗೆ 223ಕ್ಕೆ ಏರಿತು. ಕೇಂದ್ರದ ನೆರವು ಬಾರದೆ ರಾಜ್ಯ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಬಳಿಕ, ಸುಮಾರು 3,454 ಕೋಟಿ ರೂಪಾಯಿ ಬಿಡುಗಡೆಯಾದದ್ದು 2024ರ ಏಪ್ರಿಲ್ ಕೊನೆಗೆ. ಮುಂಗಾರಿನ ಕಡಲೆಕಾಯಿ, ರಾಗಿ ಒಣಗಿದ ರೈತ ಅಷ್ಟರಲ್ಲಿ ಮುಂದಿನ ಬಿತ್ತನೆಗೆ ಸಾಲ ಹುಡುಕುತ್ತಿದ್ದ.

ಸಿಗುವ ಮೊತ್ತವೂ ಸಣ್ಣದು. ಇನ್‌ಪುಟ್ ಸಬ್ಸಿಡಿ, ಅಂದರೆ ಬೀಜ, ಗೊಬ್ಬರಕ್ಕೆ ಹಾಕಿದ ಹಣದ ಒಂದು ಪಾಲನ್ನು ತುಂಬಿಕೊಡುವ ನೆರವು, ಮಳೆಯಾಶ್ರಿತ ಜಮೀನಿಗೆ ಹೆಕ್ಟೇರಿಗೆ 8,500 ರೂಪಾಯಿ, ಅದೂ ಎರಡು ಹೆಕ್ಟೇರಿನ ಮಿತಿಯೊಳಗೆ. ಪಹಣಿ ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ ಅದು ಜಮೆಯಾಗುವುದರಿಂದ, ಗುತ್ತಿಗೆಗೆ ಹೊಲ ಹಿಡಿದು ಬಿತ್ತಿದವನು ಬರಿಗೈಯಲ್ಲಿ ಉಳಿಯುತ್ತಾನೆ. ಇಡೀ ವ್ಯವಸ್ಥೆಯ ಅತಿದೊಡ್ಡ ಅನ್ಯಾಯ ಇದೇ.

ಪರಿಹಾರದ ಹಣಕ್ಕಿಂತ ಮುಂಚಿನ ಸಿದ್ಧತೆ ಎಷ್ಟು ಮುಖ್ಯವೆಂಬುದನ್ನು ಶಿರಾ ತಾಲ್ಲೂಕಿನ ಮದಲೂರು ಕೆರೆಯೇ ತೋರಿಸುತ್ತದೆ. ಹೇಮಾವತಿ ನಾಲೆಯ ನೀರು ಕಳ್ಳಂಬೆಳ್ಳ, ಶಿರಾ ಕೆರೆಗಳನ್ನು ದಾಟಿ ಇಲ್ಲಿಗೆ ಬರಬೇಕು. 2020ರ ಶಿರಾ ಉಪಚುನಾವಣೆಯಲ್ಲಿ ಈ ಕೆರೆ ತುಂಬಿಸುವ ಭರವಸೆ ರಾಜ್ಯದ ಗಮನ ಸೆಳೆದದ್ದು ಅದರ ನೀರಿನ ಮೇಲೆ ಸುತ್ತಲ ಹಳ್ಳಿಗಳ ಕೊಳವೆಬಾವಿಗಳು ನಿಂತಿರುವ ಕಾರಣದಿಂದ. ಕೆರೆಯಲ್ಲಿ ನೀರಿದ್ದರೆ ಕೊಳವೆಬಾವಿಯಲ್ಲಿ ಜೀವವಿರುತ್ತದೆ, ಟ್ಯಾಂಕರಿನ ಬಾಡಿಗೆ ಉಳಿಯುತ್ತದೆ, ಗೋಶಾಲೆ ತೆರೆಯುವ ದಿನ ಮುಂದೆ ಹೋಗುತ್ತದೆ. ಬೇಸಿಗೆಯಲ್ಲಿ ಹೂಳೆತ್ತುವುದು, ತೂಬು ದುರಸ್ತಿ ಮಾಡುವುದು, ನೀರಾವರಿಯುಳ್ಳ ರೈತರಿಗೆ ಮೇವಿನ ಬೀಜ ಕೊಟ್ಟು ಬೆಳೆಸಿ ಮೇವು ಬ್ಯಾಂಕಿಗೆ ಕೊಳ್ಳುವುದು, ಖಾಸಗಿ ಕೊಳವೆಬಾವಿಗಳ ಬಾಡಿಗೆ ಕರಾರನ್ನು ಫೆಬ್ರವರಿಗೆ ಮೊದಲೇ ಮುಗಿಸುವುದು ತಾಲ್ಲೂಕು ಕಾರ್ಯಪಡೆಗೆ ಅಸಾಧ್ಯವಾದ ಕೆಲಸಗಳಲ್ಲ.

2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಕೇಂದ್ರದ ಹಣಕ್ಕೆ ಕಾಯದೆ, ಮೊದಲ ಕಂತಾಗಿ ರೈತರಿಗೆ ಗರಿಷ್ಠ 2,000 ರೂಪಾಯಿ ನೇರ ಜಮೆ ಮಾಡಿತು. ಮಳೆಮಾಪಕದ ಅಂಕಿ ಗೊತ್ತುಪಡಿಸಿದ ಮಟ್ಟಕ್ಕೆ ಕುಸಿದೊಡನೆ ಇಂಥ ಕಂತು ತಾನಾಗಿ ಹೊರಡುವ ನಿಯಮ ಬರಬೇಕು. ಅದಕ್ಕೆ ಬೇಕಾದ ಮಾಪಕಗಳೂ ರೈತರ ಖಾತೆಯ ವಿವರಗಳೂ ಸರ್ಕಾರದ ಬಳಿ ಈಗಲೇ ಇವೆ.